ಸೂಜಿಗಿಂತ ಮೊದಲು ಚುಚ್ಚುವವರು ನಾವೇ!

ಮೊನ್ನೆ ಸಿಟಿ ಬಸ್ಸಿನಲ್ಲಿ ನಾಲ್ಕು ವರ್ಷದ ಹುಡುಗನೊಬ್ಬ ಕಿಟಕಿ ಸೀಟಿಗಾಗಿ ಹಠ ಹಿಡಿದಿದ್ದ. ತಾಯಿ ಗದರಿದಳು: “ಸುಮ್ನೆ ಕೂತ್ಕೋತೀಯೋ, ಇಲ್ಲ ಆಸ್ಪತ್ರೆಗೆ ಕರ್ಕೊಂಡ್ಹೋಗಿ ಸೂಜಿ ಚುಚ್ಚಿಸ್ಲೋ?” ಹುಡುಗ ಗಪ್‌ಚಿಪ್. ಬಸ್ಸಿನಲ್ಲಿದ್ದವರೆಲ್ಲ ನಕ್ಕೆವು.

ನಗುವ ಮಾತಲ್ಲ. ಐದು ವರ್ಷ ತುಂಬಿದ ಮೇಲೆ ಇದೇ ಹುಡುಗನಿಗೆ ಡಿ.ಪಿ.ಟಿ. ಬೂಸ್ಟರ್ ಹಾಕಿಸಬೇಕು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಬಾರದಿರಲೆಂದು ಕೊಡುವ ಮದ್ದು ಅದು. ಆದರೆ ಹುಡುಗನ ಲೆಕ್ಕದಲ್ಲಿ ಆಸ್ಪತ್ರೆ ಎಂದರೆ ತಪ್ಪು ಮಾಡಿದವರಿಗೆ ಶಿಕ್ಷೆ ಕೊಡುವ ಠಾಣೆ! ಇಬ್ಬರು ಅವನ ಕೈಕಾಲು ಅಮುಕಿ ಹಿಡಿಯಬೇಕು, ಮೂರನೆಯವರು ಚುಚ್ಚಬೇಕು. ಅವನ ಕೂಗು ಕೇಳಿ ಕ್ಯೂನಲ್ಲಿದ್ದ ಮಿಕ್ಕ ಮಕ್ಕಳೂ ಶುರು.

ಇನ್ನು ಎಳೆಗೂಸುಗಳ ವಿಷಯ. ಈಗ ಸರ್ಕಾರಿ ಲಸಿಕೆ ಪಟ್ಟಿಯಂತೆ ಒಂದೂವರೆ ತಿಂಗಳ ಕೂಸಿಗೆ ಒಂದೇ ದಿನ ಮೂರು ಸೂಜಿ: ಪೆಂಟಾ, ಪಿ.ಸಿ.ವಿ., ಪೋಲಿಯೊ. ಮೂರೂವರೆ ತಿಂಗಳಿಗೆ ಮತ್ತೆ ಮೂರು. “ಕೂಸಿಗೇನು ಗೊತ್ತಾಗುತ್ತೆ ಬಿಡಿ” ಅನ್ನುವವರುಂಟು. ಒಂದು ಕಾಲಕ್ಕೆ ದೊಡ್ಡ ದೊಡ್ಡ ಡಾಕ್ಟರುಗಳೇ ಹಾಗೆ ನಂಬಿದ್ದರು. 1980ರ ದಶಕದವರೆಗೂ ಮುಂದುವರಿದ ದೇಶಗಳಲ್ಲೇ ಹಸುಗೂಸುಗಳಿಗೆ ಸಾಕಷ್ಟು ಅರಿವಳಿಕೆ ಕೊಡದೆ ಆಪರೇಷನ್ ಮಾಡಿದ್ದುಂಟು. ಅದು ತಪ್ಪೆಂದು 1987ರಲ್ಲಿ ಸಾಧಿಸಿ ತೋರಿಸಿದವರಲ್ಲಿ ಮುಖ್ಯರು ಇಂದೋರಿನಲ್ಲಿ ಓದಿ ಆಕ್ಸ್‌ಫರ್ಡಿಗೆ ಹೋದ ನಮ್ಮವರೇ ಆದ ಡಾ. ಕನ್ವಲ್‌ಜೀತ್ ಆನಂದ್. ಕೂಸಿಗೂ ನೋವುಂಟು, ಹೇಳಲು ಬಾಯಿಲ್ಲ ಅಷ್ಟೆ.

ಹಾಗಾದರೆ ಏನು ಮಾಡಬೇಕು? ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಕಾಸು ಖರ್ಚಿಲ್ಲದ ಉಪಾಯಗಳು. ಎದೆಹಾಲು ಕುಡಿಯುವ ಕೂಸಿಗೆ ಚುಚ್ಚುವಾಗಲೋ, ಅದಕ್ಕೆ ತುಸು ಮುಂಚೆಯೋ ಹಾಲು ಕುಡಿಸುವುದು. ಮಗುವನ್ನು ಮೇಜಿನ ಮೇಲೆ ಅಂಗಾತ ಕೆಡವದೆ ತಾಯಿ ತಂದೆ ಎತ್ತಿ ಹಿಡಿದುಕೊಳ್ಳುವುದು. ಮೂರು ವರ್ಷ ದಾಟಿದವರನ್ನು ನೆಟ್ಟಗೆ ಕೂರಿಸುವುದು. ಎರಡು ಮೂರು ಸೂಜಿ ಇದ್ದರೆ ಹೆಚ್ಚು ನೋಯುವುದನ್ನು ಕೊನೆಗೆ ಹಾಕುವುದು. ಸಣ್ಣ ಮಕ್ಕಳ ಗಮನ ಬೇರೆ ಕಡೆ ತಿರುಗಿಸುವುದು. ಮೂಲೆ ಅಂಗಡಿಯ ಪೀಪಿ, ಗಿರಗಿಟ್ಲೆ ಸಾಕು. ಊದುತ್ತಿರುವಾಗಲೇ ಕೆಲಸ ಮುಗಿದಿರುತ್ತದೆ.

“ನೋವೇ ಆಗಲ್ಲ ಕಣೋ” ಎಂಬ ಸುಳ್ಳು ಮಾತ್ರ ಬೇಡ. ತೂಕದಲ್ಲಿ ಒಮ್ಮೆ ಮೋಸಹೋದ ಗಿರಾಕಿ ಮತ್ತೆ ಆ ಅಂಗಡಿ ಮೆಟ್ಟಿಲು ಹತ್ತುತ್ತಾನೆಯೆ? ಮಗುವೂ ಗಿರಾಕಿಯೇ. “ಒಂದ್ಚೂರು ನೋಯುತ್ತೆ, ನಾನು ಹಿಡ್ಕೊಂಡಿರ್ತೀನಿ” ಅಂದರೆ ನಂಬಿಕೆ ಉಳಿಯುತ್ತದೆ.

ತಪ್ಪೆಲ್ಲ ತಾಯಂದಿರದೇ ಅಲ್ಲ. ಲಸಿಕೆ ದಿನ ನರ್ಸಮ್ಮ ಒಬ್ಬರು, ಮುಂದೆ ಸಾಲುಗಟ್ಟಿದ ಮಕ್ಕಳು. ಅವರು ಯಾರನ್ನು ರಮಿಸಬೇಕು, ಯಾರಿಗೆ ಬರೆದುಕೊಡಬೇಕು? ತಾಯಿ ಕೂತು ಹಾಲು ಕುಡಿಸಲು ಒಂದು ಬೆಂಚು, ಮರೆಗೊಂದು ಪರದೆ, ಚುಚ್ಚುವುದು ಕ್ಯೂಗೆ ಕಾಣದ ಹಾಗೆ ಒಂದು ಮೂಲೆ. ಇಷ್ಟನ್ನು ಒದಗಿಸಲು ಯಾವ ಯೋಜನೆ ಮಂಜೂರಾಗಬೇಕು?

ಇದೆಲ್ಲ ಸಣ್ಣ ಮಾತು ಅನ್ನಿಸಿದರೆ ಒಂದು ಯೋಚಿಸಿ. ಬೀದಿಯಲ್ಲಿ ನಾಯಿ ಕಚ್ಚಿದಾಗ ಸೂಜಿಗೆ ಹೆದರಿದ ಮಗು ಮನೆಯಲ್ಲಿ ಬಾಯಿ ಬಿಡುತ್ತದೆಯೆ? ಹೊಟ್ಟೆಗೆ 14 ಸೂಜಿ ಚುಚ್ಚುವ ಕಾಲ ಹೋಗಿ, ತೋಳಿಗೆ ನಾಲ್ಕು ದಿನದ ಚುಚ್ಚುಮದ್ದು ಬಂದಿದೆ. ಆದರೆ ಹುಚ್ಚುನಾಯಿ ರೋಗ ಕಾಣಿಸಿಕೊಂಡ ಮೇಲೆ ಉಳಿಯುವ ಆಸೆ ಬಹುಮಟ್ಟಿಗೆ ಇಲ್ಲವೆಂದೇ ಲೆಕ್ಕ. ಮುಚ್ಚಿಟ್ಟ ಗಾಯಕ್ಕೆ ತೆರುವುದು ಜೀವ.

ಆದ್ದರಿಂದ ಬಸ್ಸಿನಲ್ಲಿ ಹುಡುಗ ಹಠ ಹಿಡಿದರೆ ಎರಡೇಟು ಬೈಯಿರಿ, ಬೇಕಾದರೆ ಕಿಟಕಿ ಸೀಟೇ ಕೊಟ್ಟುಬಿಡಿ. ಸೂಜಿಯ ಹೆಸರು ಎತ್ತಬೇಡಿ!