ಮದ್ದಿಗೂ ಒಂದು ಅಳತೆ

ಪ್ಲಾಟಿನಂ ಎಂದೊಡನೆ ಜನಸಾಮಾನ್ಯರಿಗೆ ನೆನಪಾಗುವುದು ಆಭರಣದ ಅಂಗಡಿ, ವಿಜ್ಞಾನದ ವಿದ್ಯಾರ್ಥಿಗೆ ಪ್ರಯೋಗಶಾಲೆ. ಗಾಳಿಗೆ ತುಕ್ಕು ಹಿಡಿಯದ, ಆಮ್ಲಕ್ಕೆ ಸುಲಭವಾಗಿ ಕರಗದ, ತನ್ನ ಪಾಡಿಗೆ ತಾನಿರುವ ಲೋಹ ಅದು. ಪ್ರಯೋಗಗಳಲ್ಲಿ ಅದನ್ನು ವಿದ್ಯುದಗ್ರವಾಗಿ ಬಳಸುವುದೂ ಈ ಗುಣಕ್ಕಾಗಿಯೇ. ಇಂಥ ನಿರ್ಲಿಪ್ತ ಲೋಹದಿಂದ ತಯಾರಾದ ಔಷಧಿಯೊಂದು ಇಪ್ಪತ್ತು-ಮೂವತ್ತರ ಹರೆಯದ ಸಾವಿರಾರು ಯುವಕರ ಪ್ರಾಣ ಉಳಿಸಿದೆ. ಅಷ್ಟೇ ಸ್ವಾರಸ್ಯಕರವಾದ ಇನ್ನೊಂದು ಸಂಗತಿಯೂ ಇದೆ. ಮದ್ದು ಸಿಕ್ಕಿತೆಂದು ವೈದ್ಯರು ಅಷ್ಟಕ್ಕೇ ಸುಮ್ಮನಾಗಲಿಲ್ಲ. 'ಯಾರಿಗೆ ಎಷ್ಟು ಕೊಟ್ಟರೆ ಸಾಕು?' ಎಂಬ ಪ್ರಶ್ನೆಯ ಬೆನ್ನು ಹತ್ತಿದರು. ವೃಷಣದ ಕ್ಯಾನ್ಸರ್ ಇಂದು ಬಹುಮಟ್ಟಿಗೆ ಗುಣವಾಗುವ ಕಾಯಿಲೆಯಾಗಿರುವುದರ ಹಿಂದೆ ಆ ಮದ್ದೂ ಇದೆ, ಈ ಪ್ರಶ್ನೆಯೂ ಇದೆ.

ಶ್ಯಾವಿಗೆಯಂತಾದ ಬ್ಯಾಕ್ಟೀರಿಯಾ

ಕಥೆ ಆರಂಭವಾಗುವುದು 1960ರ ದಶಕದಲ್ಲಿ, ಅಮೆರಿಕದ ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ಬಾರ್ನೆಟ್ ರೋಸೆನ್‌ಬರ್ಗ್ ಎಂಬ ಭೌತವಿಜ್ಞಾನಿಗೆ ಒಂದು ಕುತೂಹಲ ಮೂಡಿತು. ಜೀವಕೋಶ ಎರಡಾಗಿ ಒಡೆಯುವಾಗ ಸೂಕ್ಷ್ಮದರ್ಶಕದಲ್ಲಿ ಕಾಣುವ ಎಳೆಗಳು, ದಂಡಕಾಂತದ ಸುತ್ತ ಕಬ್ಬಿಣದ ಪುಡಿ ಉದುರಿಸಿದಾಗ ಮೂಡುವ ಗೆರೆಗಳಂತೆಯೇ ಇವೆಯಲ್ಲ! ಹಾಗಾದರೆ ಕೋಶವಿಭಜನೆಯ ಮೇಲೆ ವಿದ್ಯುತ್ತಿನ ಪ್ರಭಾವವೂ ಇರಬಹುದೇ? ಇ. ಕೋಲೈ ಬ್ಯಾಕ್ಟೀರಿಯಾಗಳು ಬೆಳೆಯುತ್ತಿದ್ದ ದ್ರಾವಣದಲ್ಲಿ ಪ್ಲಾಟಿನಂ ವಿದ್ಯುದಗ್ರಗಳನ್ನು ಇಳಿಸಿ ಅವರು ವಿದ್ಯುತ್ ಹರಿಸಿದರು. ಬ್ಯಾಕ್ಟೀರಿಯಾಗಳು ಒಡೆಯುವುದನ್ನು ನಿಲ್ಲಿಸಿದವು, ಬೆಳೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಶ್ಯಾವಿಗೆಯ ಎಳೆಯಂತೆ ನೀಳವಾಗುತ್ತಾ ಹೋಗಿ, ಸಹಜ ಉದ್ದದ 300 ಪಟ್ಟಿನವರೆಗೂ ಬೆಳೆದವು.

ಇದು ವಿದ್ಯುತ್ತಿನ ಮಹಿಮೆಯೇ? ಅಲ್ಲ. ತಾಳ್ಮೆಯಿಂದ ಒಂದೊಂದೇ ಕಾರಣವನ್ನು ಪರೀಕ್ಷಿಸಿದ ಮೇಲೆ ಗುಟ್ಟು ಬಯಲಾಯಿತು. 'ಯಾವುದಕ್ಕೂ ಜಗ್ಗದ' ಪ್ಲಾಟಿನಂ ತೀರಾ ಅಲ್ಪ ಪ್ರಮಾಣದಲ್ಲಿ ಕರಗಿ, ದ್ರಾವಣದಲ್ಲಿದ್ದ ಅಮೋನಿಯಾ ಮತ್ತು ಕ್ಲೋರಿನ್ ಅಂಶಗಳೊಡನೆ ಸೇರಿ ಹೊಸ ಸಂಯುಕ್ತಗಳನ್ನು ಮಾಡಿಕೊಂಡಿತ್ತು. ಕೋಶವಿಭಜನೆಯನ್ನು ತಡೆದದ್ದು ಅವೇ. 1965ರಲ್ಲಿ ಈ ಸಂಗತಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅಂಥ ಸಂಯುಕ್ತಗಳಲ್ಲಿ ಒಂದಾದ ಸಿಸ್‌ಪ್ಲಾಟಿನ್ ಹೊಸದೇನಲ್ಲ. 1840ರ ದಶಕದಲ್ಲೇ ಇಟಲಿಯ ಮಿಕೆಲೆ ಪೇರೋನೆ ಅದನ್ನು ತಯಾರಿಸಿದ್ದರು. ಒಂದು ಶತಮಾನಕ್ಕೂ ಹೆಚ್ಚು ಕಾಲ ಅದು ರಸಾಯನವಿಜ್ಞಾನದ ಪುಸ್ತಕಗಳಲ್ಲೇ ಉಳಿದಿತ್ತು.

ಈ ಅಣುವಿನ ರಚನೆ ಸರಳ. ನಡುವೆ ಒಂದು ಪ್ಲಾಟಿನಂ, ಸುತ್ತ ಎರಡು ಅಮೋನಿಯಾ, ಎರಡು ಕ್ಲೋರಿನ್. ಎರಡೂ ಕ್ಲೋರಿನ್‌ಗಳು ಒಂದೇ ಮಗ್ಗುಲಲ್ಲಿದ್ದರೆ ಅದು ಮದ್ದು. ಎದುರುಬದುರಾದರೆ ಕ್ಯಾನ್ಸರ್‌ಗೆ ನಿಷ್ಪ್ರಯೋಜಕ. ಸಮಾಂಗಿಗಳ ಪಾಠ ಓದುವ ಪಿಯುಸಿ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಜೀವಕೋಶದೊಳಗೆ ಕ್ಲೋರಿನ್‌ಗಳು ಕಳಚಿಕೊಳ್ಳುತ್ತವೆ. ತೆರವಾದ ಎರಡು 'ಕೈ'ಗಳಿಂದ ಪ್ಲಾಟಿನಂ ಡಿ.ಎನ್.ಎ. ಎಳೆಯ ಅಕ್ಕಪಕ್ಕದ ಎರಡು ಕೊಂಡಿಗಳನ್ನು ಹಿಡಿದುಬಿಡುತ್ತದೆ. ಜಿಪ್‌ನ ಹಲ್ಲುಗಳ ನಡುವೆ ಬಟ್ಟೆ ಸಿಕ್ಕಿಕೊಂಡರೆ ಏನಾಗುತ್ತದೆ? ಅದೇ ಸ್ಥಿತಿ. ಡಿ.ಎನ್.ಎ. ತನ್ನ ನಕಲು ಮಾಡಿಕೊಳ್ಳಲಾಗದೆ ಕೋಶ ಸಾಯುತ್ತದೆ. ಇಲಿಗಳಲ್ಲಿ ಗಡ್ಡೆಗಳು ಈ ಮದ್ದಿಗೆ ಕರಗಿದ ಸುದ್ದಿ ಬಂದದ್ದು 1969ರಲ್ಲಿ.

ಹೂವು, ಮಣ್ಣು, ಲೋಹ

ಮೂತ್ರಜನನಾಂಗಗಳ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ವಯಸ್ಸಾದವರನ್ನು ಕಾಡುತ್ತವೆ. ವೃಷಣದ ಕ್ಯಾನ್ಸರ್ ಹಾಗಲ್ಲ. ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಹದಿನೈದರಿಂದ ನಲವತ್ತು ವರ್ಷದವರಲ್ಲಿ. 1970ರ ದಶಕದ ಆರಂಭದವರೆಗೂ, ಕಾಯಿಲೆ ಶ್ವಾಸಕೋಶವೇ ಮೊದಲಾದ ಕಡೆಗೆ ಹರಡಿದ್ದರೆ ಹತ್ತರಲ್ಲಿ ಒಬ್ಬರು ಬದುಕಿದರೆ ಅದೇ ಹೆಚ್ಚು ಎಂಬ ಪರಿಸ್ಥಿತಿ ಇತ್ತು.

ಸಿಸ್‌ಪ್ಲಾಟಿನ್ ಮನುಷ್ಯರ ಮೇಲೆ ಪ್ರಯೋಗವಾದಾಗ ಗಡ್ಡೆಗಳು ಕುಗ್ಗಿದ್ದು ನಿಜ. ಆದರೆ ಜೊತೆಗೆ ವಿಪರೀತ ವಾಂತಿ, ಮೂತ್ರಪಿಂಡಕ್ಕೆ ಪೆಟ್ಟು. ಮದ್ದನ್ನೇ ಕೈಬಿಡುವ ಮಾತೂ ಬಂತು. ಮದ್ದು ಕೊಡುವ ಮೊದಲೂ ಆನಂತರವೂ ಧಾರಾಳವಾಗಿ ಲವಣಜಲದ ಡ್ರಿಪ್ ಕೊಟ್ಟರೆ ಮೂತ್ರಪಿಂಡವನ್ನು ಕಾಪಾಡಬಹುದೆಂದು ತಿಳಿದ ಮೇಲೆ ದಾರಿ ಸುಗಮವಾಯಿತು.

1974ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಲಾರೆನ್ಸ್ ಐನ್‌ಹಾರ್ನ್ ಎಂಬ ಯುವವೈದ್ಯರು ಸಿಸ್‌ಪ್ಲಾಟಿನ್‌ಗೆ ಇನ್ನೆರಡು ಔಷಧಿಗಳನ್ನು ಜೊತೆಗೂಡಿಸಿದರು. ಒಂದು ವಿನ್‌ಬ್ಲಾಸ್ಟಿನ್. ಇದು ನಮ್ಮ ಅಂಗಳಗಳಲ್ಲಿ ವರ್ಷವಿಡೀ ಅರಳುವ ನಿತ್ಯಪುಷ್ಪದಿಂದ, ಅಂದರೆ ಕಾಶಿ ಕಣಗಿಲೆಯಿಂದ ಬಂದದ್ದು. ಇನ್ನೊಂದು ಬ್ಲಿಯೋಮೈಸಿನ್. ಇದು ಮಣ್ಣಿನ ಸೂಕ್ಷ್ಮಜೀವಿಯೊಂದರ ಕೊಡುಗೆ. ಹೀಗೆ ಹೂವು, ಮಣ್ಣು, ಲೋಹ ಮೂರೂ ಒಂದಾದವು. 1977ರಲ್ಲಿ ಫಲಿತಾಂಶ ಹೊರಬಂತು. ಕಾಯಿಲೆ ಹರಡಿದ್ದ 47 ರೋಗಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಜನರಲ್ಲಿ ಗಡ್ಡೆಯ ಕುರುಹೇ ಉಳಿದಿರಲಿಲ್ಲ. 1978ರಲ್ಲಿ ಅಮೆರಿಕದ ಸರ್ಕಾರ ಸಿಸ್‌ಪ್ಲಾಟಿನ್‌ಗೆ ಮಾನ್ಯತೆ ನೀಡಿತು.

ಕಡಿಮೆ ಮಾಡುವ ಧೈರ್ಯ

ಇಲ್ಲಿಗೆ ಕಥೆ ಮುಗಿಯಬಹುದಿತ್ತು. ಆದರೆ ಗುಣವಾದವರು ಇಪ್ಪತ್ತೈದರ ಯುವಕರು. ಅವರ ಮುಂದೆ ಇನ್ನೂ ನಲವತ್ತು-ಐವತ್ತು ವರ್ಷಗಳ ಬದುಕಿದೆ. ಈ ಮದ್ದುಗಳು ಕಿವಿಯ ಶ್ರವಣಶಕ್ತಿಯನ್ನು ಕುಗ್ಗಿಸಬಹುದು, ಬೆರಳುಗಳಲ್ಲಿ ಜೋಮು ಉಳಿಸಬಹುದು, ಮೂತ್ರಪಿಂಡಕ್ಕೂ ಶ್ವಾಸಕೋಶಕ್ಕೂ ಹಾನಿ ಮಾಡಬಹುದು. ರೋಗ ಹೋಗಿ ಮದ್ದಿನ ಗಾಯ ಉಳಿದರೆ? ಆದ್ದರಿಂದ ಸಂಶೋಧಕರು ಗೆದ್ದ ಚಿಕಿತ್ಸೆಯನ್ನೇ ಮತ್ತೆ ಪರೀಕ್ಷೆಗೆ ಒಡ್ಡಿದರು.

ಇಂಥ ಪರೀಕ್ಷೆಯ ಕ್ರಮ ಹೀಗಿರುತ್ತದೆ. ಒಪ್ಪಿಗೆ ಕೊಟ್ಟ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡುತ್ತಾರೆ. ಯಾರು ಯಾವ ಗುಂಪಿಗೆ ಎಂಬುದು ವೈದ್ಯರ ಇಷ್ಟಕ್ಕೆ ಬಿಟ್ಟದ್ದಲ್ಲ. ಹಾಗೆ ಬಿಟ್ಟರೆ ಗಟ್ಟಿಮುಟ್ಟಾದವರೆಲ್ಲ ಒಂದೇ ಗುಂಪಿಗೆ ಸೇರಿ ಲೆಕ್ಕ ತಪ್ಪಬಹುದು. ಒಂದು ಗುಂಪಿಗೆ ಹಳೆಯ ಕ್ರಮ, ಇನ್ನೊಂದಕ್ಕೆ ಹೊಸದು. ಆಮೇಲೆ ವರ್ಷಗಟ್ಟಲೆ ಇಬ್ಬರ ಮೇಲೂ ನಿಗಾ. 1987ರಲ್ಲಿ ಪ್ರಕಟವಾದ ಇಂಥ ಅಧ್ಯಯನದಿಂದ ವಿನ್‌ಬ್ಲಾಸ್ಟಿನ್ ಬದಲು ಎಟೊಪೊಸೈಡ್ ಬಳಸಿದರೆ ನರಗಳಿಗೂ ಸ್ನಾಯುಗಳಿಗೂ ತ್ರಾಸ ಕಡಿಮೆಯೆಂದು ಗೊತ್ತಾಯಿತು. 1989ರಲ್ಲಿ ಐನ್‌ಹಾರ್ನ್ ತಂಡ 184 ರೋಗಿಗಳ ಫಲಿತಾಂಶ ಪ್ರಕಟಿಸಿತು. ಕಾಯಿಲೆ ಅಷ್ಟಾಗಿ ಬಲಿಯದವರಿಗೆ ನಾಲ್ಕು ಸುತ್ತು ಮದ್ದು ಬೇಕಿಲ್ಲ, ಮೂರೇ ಸಾಕು. ಗುಣವಾಗುವ ಪ್ರಮಾಣದಲ್ಲಿ ವ್ಯತ್ಯಾಸವೇ ಇರಲಿಲ್ಲ. ಒಂದು ಸುತ್ತೆಂದರೆ ಮೂರು ವಾರ. ಅಷ್ಟು ದಿನದ ವಾಂತಿ, ಸುಸ್ತು, ಖರ್ಚು ಇವೆಲ್ಲ ಒಂದೇ ಅಧ್ಯಯನದಿಂದ ಉಳಿದವು!

ರಕ್ತ ಹೇಳುವ ಲೆಕ್ಕ

ಯಾರಿಗೆ ಮೂರು, ಯಾರಿಗೆ ನಾಲ್ಕು ಎಂದು ಮುಂಚೆಯೇ ತಿಳಿಯುವುದು ಹೇಗೆ? ಈ ಗಡ್ಡೆಗಳಲ್ಲಿ ಅನೇಕವು ರಕ್ತಕ್ಕೆ ಕೆಲವು ಪದಾರ್ಥಗಳನ್ನು ಸುರಿಯುತ್ತವೆ. ಒಂದು ಎ.ಎಫ್.ಪಿ. ಇದು ಗರ್ಭದಲ್ಲಿರುವ ಶಿಶುವಿನ ಯಕೃತ್ತು ತಯಾರಿಸುವ ಪ್ರೋಟೀನು. ಇನ್ನೊಂದು ಎಚ್.ಸಿ.ಜಿ., ಗರ್ಭಧಾರಣೆಯ ಪರೀಕ್ಷೆಯಲ್ಲಿ ಪತ್ತೆಯಾಗುವ ಅದೇ ಹಾರ್ಮೋನು. ಯುವಕನ ರಕ್ತದಲ್ಲಿ ಇವು ಏರಿದ್ದರೆ ಗಡ್ಡೆಯ ಸುಳಿವು ಸಿಕ್ಕಂತೆ.

1997ರಲ್ಲಿ ಹಲವು ದೇಶಗಳ ತಜ್ಞರು 5,000ಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಒಟ್ಟುಗೂಡಿಸಿದರು. ಗಡ್ಡೆ ಹುಟ್ಟಿದ ಜಾಗ, ಅದು ಹರಡಿದ ಅಂಗಗಳು, ರಕ್ತದ ಈ ಅಂಕಿಗಳು ಇಷ್ಟನ್ನು ನೋಡಿ ರೋಗಿಗಳನ್ನು ಮೂರು ವರ್ಗ ಮಾಡಿದರು. ಸೆಮಿನೋಮ ಅಲ್ಲದ ಬಗೆಯ ಗಡ್ಡೆಗಳಲ್ಲಿ ಐದು ವರ್ಷದ ನಂತರ ಬದುಕಿದ್ದವರು ಉತ್ತಮ ವರ್ಗದಲ್ಲಿ ನೂರಕ್ಕೆ 92, ಮಧ್ಯಮದಲ್ಲಿ 80, ಕಠಿಣ ವರ್ಗದಲ್ಲಿ 48. ಮುಂದೆ 9,728 ರೋಗಿಗಳ ದಾಖಲೆ ಹಿಡಿದು 2021ರಲ್ಲಿ ಲೆಕ್ಕವನ್ನು ಮತ್ತೆ ಮಾಡಿದಾಗ ಈ ಅಂಕಿಗಳು 96, 89, 67ಕ್ಕೆ ಏರಿದ್ದವು. ಹೊಸ ಅದ್ಭುತ ಮದ್ದೇನೂ ಆ ನಡುವೆ ಬಂದಿರಲಿಲ್ಲ ಎಂಬುದನ್ನು ಗಮನಿಸಬೇಕು.

ಭೌತವಿಜ್ಞಾನದಲ್ಲಿ ಓದುವ 'ಅರ್ಧಾಯುಷ್ಯ' ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಗಡ್ಡೆ ಸತ್ತರೆ ರಕ್ತದಲ್ಲಿನ ಎ.ಎಫ್.ಪಿ. ಸುಮಾರು ಒಂದು ವಾರದೊಳಗೆ ಅರ್ಧಕ್ಕೆ ಇಳಿಯಬೇಕು. ವಾರಕ್ಕೊಮ್ಮೆ ಅರ್ಧವೆಂದು ಹಿಡಿದರೂ 1,000 ಇದ್ದದ್ದು ಮೂರು ವಾರದಲ್ಲಿ 500, 250, 125 ಆಗುತ್ತದೆ. ಹಾಗೆ ಇಳಿಯದಿದ್ದರೆ ಮದ್ದು ಸಾಲದು ಎಂದರ್ಥ. ಫ್ರಾನ್ಸಿನ ಕರೀಂ ಫಿಝಾಜಿ ನೇತೃತ್ವದ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನ ಈ ಸೂತ್ರವನ್ನೇ ಹಿಡಿದಿತ್ತು. ಕಠಿಣ ವರ್ಗದ ರೋಗಿಗಳಿಗೆ ಒಂದು ಸುತ್ತು ಮದ್ದು ಕೊಟ್ಟು ರಕ್ತ ಪರೀಕ್ಷಿಸಿದರು. ಅಂಕಿ ನಿಧಾನವಾಗಿ ಇಳಿದವರಲ್ಲಿ ಅದೇ ಮದ್ದನ್ನು ಮುಂದುವರಿಸಿದಾಗ, ಮೂರು ವರ್ಷದ ಬಳಿಕವೂ ರೋಗ ಉಲ್ಬಣಿಸದೆ ಉಳಿದವರು ನೂರಕ್ಕೆ 48. ಚಿಕಿತ್ಸೆಯನ್ನು ಬಿಗಿಗೊಳಿಸಿದಾಗ 59. ಅಳತೆ ಎಂದರೆ ಕಡಿತ ಮಾತ್ರವಲ್ಲ. ಬೇಕಾದವರಿಗೆ ಹೆಚ್ಚು, ಬೇಡದವರಿಗೆ ಕಡಿಮೆ.

ಒಂದು ಎಚ್ಚರಿಕೆಯೂ ಇರಲಿ. ಈ ಅಂಕಿಗಳು ಜಾತಕವಲ್ಲ. ನೂರು ಜನರಲ್ಲಿ ಎಷ್ಟು ಮಂದಿ ಎಂದು ಅವು ಹೇಳುತ್ತವೆಯೇ ಹೊರತು ಎದುರಿಗಿರುವ ಒಬ್ಬನ ಹಣೆಬರಹವನ್ನಲ್ಲ.

ಸಂಕೋಚವೇ ಶತ್ರು

ನಮ್ಮವರಿಗೆ ಪರಿಚಿತವಾದ ಉದಾಹರಣೆ ಕ್ರಿಕೆಟಿಗ ಯುವರಾಜ್ ಸಿಂಗ್ ಅವರದು. ಇದೇ ಕುಲಕ್ಕೆ ಸೇರಿದ ಸೆಮಿನೋಮ ಗಡ್ಡೆ ಅವರಿಗೆ ವೃಷಣದಲ್ಲಲ್ಲ, ಎದೆಯಲ್ಲಿ ಎರಡು ಶ್ವಾಸಕೋಶಗಳ ನಡುವೆ ಬೆಳೆದಿತ್ತು. 2012ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಐನ್‌ಹಾರ್ನ್ ಅವರೇ ಚಿಕಿತ್ಸೆ ನೀಡಿದರು. ಮೂರು ಸುತ್ತು ಮದ್ದು ಮುಗಿದದ್ದು ಮಾರ್ಚ್‌ನಲ್ಲಿ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅವರು ಭಾರತ ತಂಡದಲ್ಲಿ ಮತ್ತೆ ಆಡಿದರು.

ಭಾರತದಲ್ಲಿ ವೃಷಣದ ಕ್ಯಾನ್ಸರ್ ಪಾಶ್ಚಾತ್ಯ ದೇಶಗಳಿಗಿಂತ ಬಹಳ ವಿರಳ. ಆದ್ದರಿಂದ ಹೆದರಿ ಕೂರಬೇಕಾಗಿಲ್ಲ. ಅಲ್ಲಿ ಕಾಣುವ ಊತಗಳೆಲ್ಲ ಕ್ಯಾನ್ಸರ್ ಕೂಡ ಅಲ್ಲ. ನೀರು ತುಂಬಿಕೊಂಡದ್ದೋ ಸೋಂಕೋ ಇರಬಹುದು. ಆದರೆ ನೋವಿಲ್ಲದ ಗಟ್ಟಿ ಗಂಟು, ಭಾರವೆನಿಸುವುದು, ಒಂದು ಕಡೆ ಮಾತ್ರ ದೊಡ್ಡದಾಗುತ್ತಿರುವುದು ಕಂಡುಬಂದರೆ ಶಸ್ತ್ರಚಿಕಿತ್ಸಕರಿಗೆ ತೋರಿಸಲೇಬೇಕು. ಅಲ್ಟ್ರಾಸೌಂಡ್ ಪರೀಕ್ಷೆಗೆ ಹಿಡಿಯುವುದು ಕೆಲವೇ ನಿಮಿಷ. ಚೆಂಡು ತಗುಲಿದ್ದರಿಂದ ಹೀಗಾಗಿದೆ ಎಂದುಕೊಂಡು ಎಣ್ಣೆ ತಿಕ್ಕಿಸಿ, ತಿಂಗಳುಗಟ್ಟಲೆ ಕಾಲ ಕಳೆಯುವುದು ಅಪಾಯ. ಉತ್ತಮ ವರ್ಗದ ಹುಡುಗ ಕಠಿಣ ವರ್ಗಕ್ಕೆ ಜಾರಲು ಅಷ್ಟು ಸಮಯ ಸಾಕು. ಒಂದು ವೃಷಣವನ್ನು ತೆಗೆದರೂ ಇನ್ನೊಂದು ಆರೋಗ್ಯವಾಗಿದ್ದರೆ ಮದುವೆಗೂ ಮಕ್ಕಳಿಗೂ ಸಾಮಾನ್ಯವಾಗಿ ಅಡ್ಡಿಯಿಲ್ಲ. ಕೀಮೋಥೆರಪಿಗೆ ಮೊದಲು ವೀರ್ಯವನ್ನು ಶೈತ್ಯದಲ್ಲಿ ಕಾಪಿಡುವ ಅನುಕೂಲವೂ ಇದೆ.

ತಂದೆತಾಯಿಗಳಿಗೆ ಎರಡು ಮಾತು. ಗಂಡುಮಗುವಿನ ವೃಷಣ ಚೀಲಕ್ಕೆ ಇಳಿಯದೆ ಹೊಟ್ಟೆಯಲ್ಲೇ ಉಳಿದಿದ್ದರೆ ಮುಂದೆ ಈ ಕಾಯಿಲೆಯ ಸಂಭವ ಹೆಚ್ಚು. ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆ ಮಾಡಿಸುವುದು ಲೇಸು. ಇನ್ನು ಹರೆಯಕ್ಕೆ ಬಂದ ಮಗ ಹೇಳಲು ನಾಚುವ ಸಂಗತಿಯನ್ನು ಗದರದೆ ಕೇಳಿಸಿಕೊಳ್ಳುವ ಹಿರಿಯರು ಮನೆಯಲ್ಲಿ ಒಬ್ಬರಾದರೂ ಇರಬೇಕು. ಎಷ್ಟು ಸುತ್ತು ಮದ್ದು ಬೇಕೆಂದು ಅಳೆದು ಹೇಳುವ ವಿದ್ಯೆ ವೈದ್ಯರ ಬಳಿ ಇದೆ. ಆ ವಿದ್ಯೆ ನೆರವಿಗೆ ಬರಬೇಕಾದರೆ ಹುಡುಗ ಮೊದಲು ಬಾಯಿಬಿಟ್ಟು ಹೇಳಬೇಕು.