ಊರಿಗೆ ಹೊರಟಾಗಲೂ ನಡಿಗೆ ಬಿಡಬೇಡಿ

ಚೈತ್ರ, ವೈಶಾಖ ಬಂತೆಂದರೆ ಹುಕ್ಕೇರಿಯ ಬಸ್ ನಿಲ್ದಾಣದಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಮಕ್ಕಳ ಪರೀಕ್ಷೆ ಮುಗಿದು ಸೂಟಿ ಬಿಟ್ಟಿರುತ್ತದೆ. ಒಬ್ಬಾಕೆ ಗೋಕಾಕದ ತವರಿಗೆ ಹೊರಟಿದ್ದರೆ, ಇನ್ನೊಬ್ಬಾಕೆ ಮೂಡಲಗಿಯಲ್ಲಿ ನಾದಿನಿಯ ಮಗಳ ಲಗ್ನಕ್ಕೆ. ಮತ್ತೊಬ್ಬಾಕೆ ಸಂಕೇಶ್ವರಕ್ಕೆ ಹೋಗಿ ಹೆದ್ದಾರಿಯ ಬಸ್ ಹಿಡಿದು ಪುಣೆಯ ಮಗನ ಮನೆಗೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲಂತೂ ನಮ್ಮ ಹೆಣ್ಣುಮಕ್ಕಳ ಓಡಾಟ ಇನ್ನಷ್ಟು ಹೆಚ್ಚಿದೆ. ಸಂತೋಷದ ಮಾತೇ. ಆದರೆ ಸೋದರಿಯರೆ, ಸೀರೆ, ಸಿಹಿ ಪೊಟ್ಟಣ, ಉಪ್ಪಿನಕಾಯಿ ಭರಣಿ ಎಲ್ಲವನ್ನೂ ನೆನಪಿಟ್ಟು ಕಟ್ಟಿಕೊಳ್ಳುವ ನಾವು ಒಂದನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗುತ್ತೇವೆ. ಚಳಿಗಾಲದಲ್ಲಿ ಹಟ ಹಿಡಿದು ಶುರು ಮಾಡಿದ ಬೆಳಗಿನ ನಡಿಗೆಯನ್ನು.

"ಊರಿಂದ ಬಂದ ಮ್ಯಾಲೆ ನೋಡಿದ್ರಾತು ಬಿಡ್ರಿ" ಎನ್ನುತ್ತೀರಿ. ಬರುವುದು ಶಾಲೆ ತೆರೆಯುವ ಹೊತ್ತಿಗೆ. ಅಷ್ಟರಲ್ಲಿ ಮಂಡಿ ಬಿಗಿದಿರುತ್ತದೆ, ಕುಪ್ಪಸ ಬಿಗಿಯಾಗಿರುತ್ತದೆ, ಸಕ್ಕರೆ ಕಾಯಿಲೆ ಇದ್ದವರಿಗೆ ರಕ್ತದ ಸಕ್ಕರೆ ಏರಿರುತ್ತದೆ. ಆಮೇಲೆ ಮಳೆಗಾಲ, ರಾಡಿ. ನಡಿಗೆ ದಸರೆಗೆ ಹೋಯಿತೆಂದೇ ಲೆಕ್ಕ!

ಮೊದಲು ಬಸ್ಸಿನ ಮಾತು. ನಾಚಿಕೆ ಬಿಟ್ಟು ಹೇಳಬೇಕಾದ ವಿಷಯ ಇದು. ಪ್ರಯಾಣವೆಂದರೆ ನಮ್ಮಲ್ಲಿ ಬಹಳ ಮಂದಿ ನಸುಕಿನಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿಬಿಡುತ್ತಾರೆ. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲ, ಸಿಕ್ಕರೂ ಒಳಗೆ ಹೋಗುವ ಹಾಗಿರುವುದಿಲ್ಲ ಎಂಬ ಅಂಜಿಕೆ. ಅಂಜಿಕೆ ಸುಳ್ಳಲ್ಲ. ಆದರೆ ಬಿಸಿಲಲ್ಲಿ ನೀರಿಲ್ಲದೆ ಕೂತರೆ ತಲೆನೋವು, ಮಲಬದ್ಧತೆ. ಮೂತ್ರ ತಡೆದು ಕೂತರೆ ಉರಿಮೂತ್ರ, ಸೋಂಕು. ಊರು ಮುಟ್ಟಿದ ಮೇಲೆ ಎರಡು ದಿನ ಹಾಸಿಗೆ ಹಿಡಿದವಳು ಯಾವ ನಡಿಗೆ ನಡೆದಾಳು? ಹೊರಡುವ ಒಂದು ತಾಸು ಮೊದಲು ಚೆನ್ನಾಗಿ ನೀರು ಕುಡಿದು, ಮನೆಯಲ್ಲೇ ಮೂತ್ರಕ್ಕೆ ಹೋಗಿ ಬನ್ನಿ. ದಾರಿಯಲ್ಲಿ ಒಮ್ಮೆಲೇ ಗಟಗಟ ಕುಡಿಯದೆ ಗುಟುಕು ಗುಟುಕಾಗಿ ಕುಡಿಯುತ್ತಿರಿ. ದೊಡ್ಡ ನಿಲ್ದಾಣ ಬಂದಾಗ, ಅವಸರ ಇರಲಿ ಬಿಡಲಿ, ಇಳಿದು ಹೋಗಿಯೇ ಬರಬೇಕು. "ಕಂಡಕ್ಟರ್ ಅಣ್ಣಾ, ಐದು ನಿಮಿಷ ನಿಲ್ಲಸ್ರಿ" ಎನ್ನಲು ಸಂಕೋಚವೇಕೆ? ಚಹಾಕ್ಕೆಂದು ಗಂಡಸರು ಕೇಳುವುದಿಲ್ಲವೇ? ದೂರದ ಊರಾದರೆ ಘಟಪ್ರಭಾ ನಿಲ್ದಾಣದಿಂದ ರೈಲು ಸಿಗುತ್ತದೆಯೇ ನೋಡಿ. ಅಲ್ಲಿ ಶೌಚಾಲಯವೂ ಉಂಟು, ಎದ್ದು ನಾಲ್ಕು ಹೆಜ್ಜೆ ಹಾಕಲು ದಾರಿಯೂ ಉಂಟು.

ಒಂದೇ ಕಡೆ ಕೂತರೆ ಕಾಲು ಬಾಯುವುದು ನಿಮಗೆಲ್ಲ ಗೊತ್ತು. ನಾಲ್ಕು ತಾಸಿಗಿಂತ ಹೆಚ್ಚು ಅಲುಗಾಡದೆ ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡರಷ್ಟಾಗುತ್ತದೆಂದು 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿತು. ಹಾಗೆ ಆಗುವವರು ಬಹಳ ಕಡಿಮೆ, ಗಾಬರಿ ಬೇಡ. ಬೆಂಗಳೂರಿನ ಬಸ್ಸಿನಲ್ಲಿ ರಾತ್ರಿಯಿಡೀ ಕೂರುವವರು ಮಾತ್ರ ಇದನ್ನು ನೆನಪಿಡಬೇಕು. ತಾಸಿಗೊಮ್ಮೆ ಕೂತಲ್ಲಿಯೇ ಹಿಮ್ಮಡಿ ಊರಿ ಬೆರಳು ಎತ್ತಿ, ಬೆರಳು ಊರಿ ಹಿಮ್ಮಡಿ ಎತ್ತಿ. ಇಪ್ಪತ್ತು ಸಲ ಸಾಕು. ಸೀರೆಯ ನಿರಿಗೆಯ ಮರೆಯಲ್ಲಿ ಪಕ್ಕದವರಿಗೂ ಗೊತ್ತಾಗುವುದಿಲ್ಲ.

ಇನ್ನು ಊರು ಮುಟ್ಟಿದ ಮೇಲಿನದು. ತವರಿಗೆ ಹೋದ ಮಗಳನ್ನು ಅವ್ವ ಏಳಗೊಡುವುದಿಲ್ಲ. "ವರ್ಷಪೂರ್ತಿ ದುಡದ ಬಂದೀ, ಕುಂದ್ರು ಯವ್ವಾ" ಎಂದು ಕೈಗೆ ತಾಟು ಕೊಡುತ್ತಾಳೆ. ಮಾವಿನ ಶೀಕರಣೆ, ಹೋಳಿಗೆ, ಮೇಲೆ ಒಂದು ತುಂಡು ಕರದಂಟು. ತಿನ್ನಬೇಡಿ ಎಂದು ನಾನು ಹೇಳುವುದಿಲ್ಲ, ತವರಿನ ಊಟಕ್ಕೆ ಲೆಕ್ಕ ಹಾಕುವುದು ಪಾಪ. ಆದರೆ ಅಂಟು, ಕೊಬ್ಬರಿ, ಖರ್ಜೂರ, ಬೆಲ್ಲ ಸೇರಿದ ಕರದಂಟು ಬಾಣಂತಿಗೆ ಕೊಡುವ ಪುಷ್ಟಿಯ ಪದಾರ್ಥ. ಕೂತವರಿಗೆ ಒಂದೇ ತುಂಡು ಸಾಕು. ಹಪ್ಪಳ, ಸಂಡಿಗೆ, ಶಾವಿಗೆ ಮಾಡಲು ಹೆಂಗಸರೆಲ್ಲ ಸೇರಿದರೆ ಮೂರು ತಾಸು ನೆಲದ ಮೇಲೆಯೇ ಕಳೆಯುತ್ತದೆ. ಮಾತಿನ ಭರದಲ್ಲಿ ಕಾಲು ಜೋಮು ಹಿಡಿದಿದ್ದೇ ಗೊತ್ತಾಗುವುದಿಲ್ಲ. ಹಿಟ್ಟು ತರಲು, ಒಣಗಿಸಿದ್ದು ತಿರುವಿ ಹಾಕಲು ಏಳುವ ಕೆಲಸ ನಿಮ್ಮದಿರಲಿ.

ಪರಊರಿನಲ್ಲಿ ಬೆಳಿಗ್ಗೆ ಹೊರಬೀಳಲು ನಮ್ಮನ್ನು ತಡೆಯುವುದು ಬಿಸಿಲಲ್ಲ, ನಾಚಿಕೆ. "ಬೀಗರು ಏನಂದಾರು? ಬಂದ ಮನೀಯಾಗ ನಸುಕಿನ್ಯಾಗ ಎದ್ದು ಎಲ್ಲಿ ಹೊಂಟಳು ಅಂದಾರು!" ಇದಕ್ಕೆ ಒಂದೇ ಉಪಾಯ, ಹೋದ ದಿನ ರಾತ್ರಿಯೇ ಹೇಳಿಬಿಡಿ. "ವೈನೀ, ನಾಳೆ ನಸುಕಿನ್ಯಾಗ ಗುಡಿತನಕ ಹೋಗಿ ಬರ್ತೀನ್ರಿ, ನೀವೂ ಬರ್ರಿ" ಎನ್ನಿ. ನೋಡುತ್ತಿರಿ, ಮೂರನೆಯ ದಿನಕ್ಕೆ ಆ ಓಣಿಯ ಇನ್ನಿಬ್ಬರು ಜೊತೆಗೂಡಿರುತ್ತಾರೆ.

ಬಿಸಿಲುಕಾಲದಲ್ಲಿ ನಡೆಯುವ ವಿದ್ಯೆಯನ್ನು ನಮ್ಮ ಭಾಗದವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಯುಗಾದಿಗೆ ಮೊದಲು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕೆ ಸಾವಿರಾರು ಜನ ನಡೆದೇ ಹೋಗುತ್ತಾರೆ. ನೂರಾರು ಕಿಲೋಮೀಟರ್ ದಾರಿ. ಕೊನೆಗೆ ನಲ್ಲಮಲ ಕಾಡು, ಭೀಮನಕೊಳ್ಳ. ಅವರಲ್ಲಿ ಹೆಣ್ಣುಮಕ್ಕಳೂ ಇರುತ್ತಾರೆ, ತಲೆ ನರೆತವರೂ ಇರುತ್ತಾರೆ. ಅವರ ಕ್ರಮವನ್ನು ಗಮನಿಸಿ. ಕತ್ತಲಿರುವಾಗಲೇ ಹೊರಡುತ್ತಾರೆ, ಬಿಸಿಲೇರಿದರೆ ಗಿಡದ ನೆರಳು ಇಲ್ಲವೆ ದಾಸೋಹದ ಚಪ್ಪರ, ಮತ್ತೆ ಹೊತ್ತು ಇಳಿದ ಮೇಲೆ ಹೆಜ್ಜೆ. ದಾರಿಯ ಊರುಗಳವರು ಕೊಡುವ ಮಜ್ಜಿಗೆ, ನೀರನ್ನು ಬೇಡವೆನ್ನುವುದಿಲ್ಲ. ತಲೆಯ ಮೇಲೆ ವಸ್ತ್ರ. ಇದಕ್ಕಿಂತ ಹೆಚ್ಚಿನ ಶಾಸ್ತ್ರ ಬೇಕೆ? ಮೇ ತಿಂಗಳಲ್ಲಿ ನಮ್ಮ ಕಡೆ ಸೂರ್ಯೋದಯ ಆರರ ಸುಮಾರಿಗೆ. ಐದೂವರೆಗೆ ಹೊರಟರೆ ಆರೂಕಾಲಿಗೆ ಮನೆ ಸೇರಬಹುದು.

ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಲಗ್ನದ ಮನೆಯಲ್ಲಿ ಅಷ್ಟು ಆಗಲಾರದು, ಒಪ್ಪುತ್ತೇನೆ. ಹತ್ತು ನಿಮಿಷವಾದರೂ ಇರಲಿ. ಹೊರಗೆ ಹೋಗಲಾಗದಿದ್ದರೆ ಮಾಳಿಗೆಯ ಮೇಲೆ ಅಡ್ಡಾಡಿ. ಅದೂ ಇಲ್ಲದಿದ್ದರೆ ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು. ಲಗ್ನಕ್ಕೆಂದು ಕೊಂಡ ಹೊಸ ಚಪ್ಪಲಿಯಲ್ಲಿ ನಡೆಯಲು ಹೋಗಬೇಡಿ, ಹಳೆಯ ಜೋಡನ್ನೂ ಚೀಲಕ್ಕೆ ಹಾಕಿಕೊಳ್ಳಿ.

ನಡೆಯುವಾಗ ತಲೆ ತಿರುಗಿತೆ, ವಾಕರಿಕೆ ಬಂತೆ? ಅಲ್ಲಿಗೇ ನಿಲ್ಲಿಸಿ, ನೆರಳಿಗೆ ಬನ್ನಿ. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಮಟ್ಟದ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ. ಸಕ್ಕರೆ ಕಾಯಿಲೆ ಇದ್ದವರು, ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಮೈ ಕೆಂಡದಂತೆ ಸುಟ್ಟು, ಮಾತು ತೊದಲಿ, ಎಚ್ಚರ ತಪ್ಪುವಂತಾದರೆ ಅದು ಬಿಸಿಲಿನ ಹೊಡೆತ. ಆಗ ಬಾಯಿಗೆ ಏನೂ ಹಾಕದೆ, ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕುತ್ತ ಆಸ್ಪತ್ರೆಗೆ ಒಯ್ಯಬೇಕು. ಬಿ.ಪಿ., ಸಕ್ಕರೆಯ ಗುಳಿಗೆಗಳು ಡಿಕ್ಕಿಯಲ್ಲಿಡುವ ಪೆಟ್ಟಿಗೆಯಲ್ಲಿ ಬೇಡ, ಕೈಚೀಲದಲ್ಲಿರಲಿ.

ಇಷ್ಟಾಗಿಯೂ ನಡಿಗೆ ತಪ್ಪಿಹೋಯಿತೆನ್ನಿ. ಹಿಂದೆ ಎರಡು ಮೈಲು ನಡೆಯುತ್ತಿದ್ದವರು ಬಂದ ಮರುದಿನವೇ ಒಂದು ಮೈಲಿನಿಂದ ಶುರು ಮಾಡಿ, ವಾರದಲ್ಲಿ ಮೊದಲಿನ ದೂರಕ್ಕೆ ಬನ್ನಿ. ಊರಿಂದ ತಂದ ಸಾಮಾನು ಬಿಚ್ಚುವ ಕೆಲಸ ಮಧ್ಯಾಹ್ನಕ್ಕಿರಲಿ.