ಊಟದ ಮೇಜಿನ ಮೇಲೆ ಮೂಳೆಯ ಬೂದಿ

ಏನನ್ನು ಉಣ್ಣಬೇಕು, ಯಾವಾಗ ಉಣ್ಣಬೇಕು ಎಂಬ ವಿಷಯದಲ್ಲಿ ಜೈನ ಗೃಹಸ್ಥನಿಗಿರುವ ಎಚ್ಚರ ಲೋಕವಿದಿತ. ಗಡ್ಡೆಗೆಣಸು ವರ್ಜ್ಯ, ಸೋಸದ ನೀರು ವರ್ಜ್ಯ, ಸೂರ್ಯಾಸ್ತದ ಅನಂತರದ ಭೋಜನ ವರ್ಜ್ಯ. ಆದರೆ ಯಾವುದರಲ್ಲಿ ಉಣ್ಣಬೇಕು ಎಂಬ ಪ್ರಶ್ನೆ ಬಂದೊಡನೆ ಈ ಎಚ್ಚರವೆಲ್ಲ ಎಲ್ಲಿಗೆ ಹೋಗುತ್ತದೆಯೋ ತಿಳಿಯದು. ಈರುಳ್ಳಿಗೆ ಹೊಸ್ತಿಲು ದಾಟಗೊಡದ ಮನೆಗಳಲ್ಲಿ ಅತಿಥಿಗಳಿಗೆಂದು ಗಾಜಿನ ಕಪಾಟಿನಿಂದ ಹೊರಬರುವುದು ಬೋನ್ ಚೈನಾ ತಟ್ಟೆ!

ಆ ಹೆಸರಿನಲ್ಲಿ ಗುಟ್ಟೇನೂ ಇಲ್ಲ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಜೋಸಾಯ ಸ್ಪೋಡ್ ಎಂಬ ಕುಂಭೋದ್ಯಮಿ ರೂಢಿಗೆ ತಂದ ಪಾಕವಿದು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಸುಟ್ಟ ದನದ ಮೂಳೆಯ ಬೂದಿ. ಉಳಿದದ್ದು ಚೀನಾ ಜೇಡಿ ಮತ್ತು ಕಾರ್ನ್‌ವಾಲಿನ ಕಲ್ಲಿನ ಪುಡಿ. ತಟ್ಟೆಯ ಹಾಲುಬಿಳುಪು, ಬೆಳಕಿಗೆ ಹಿಡಿದರೆ ಬೆರಳಿನ ನೆರಳು ಕಾಣುವ ತೆಳುವು, ಇವೆರಡಕ್ಕೂ ಆ ಬೂದಿಯೇ ಬಹುಮಟ್ಟಿಗೆ ಕಾರಣ. ಜಿನಮಂದಿರಗಳಿಗೆ ಹೆಸರಾದ ಜೈಪುರದಲ್ಲಿಯೂ ಈ ಪಾತ್ರೆಗಳ ಕಾರ್ಖಾನೆಗಳಿವೆ ಎಂಬುದು ನಮ್ಮ ಸಮಾಜ ಕೇಳಿ ಸುಮ್ಮನಿರಬಹುದಾದ ಸಂಗತಿಯಲ್ಲ.

ಇದಕ್ಕೆ ವಿದ್ಯಾವಂತರು ಹೇಳುವ ಸಮಾಧಾನವೊಂದಿದೆ. ಸಾವಿರಕ್ಕೂ ಮಿಕ್ಕಿದ ಡಿಗ್ರಿ ಶಾಖದಲ್ಲಿ ಬೆಂದ ಮೇಲೆ ಮೂಳೆ ಮೂಳೆಯಾಗಿ ಉಳಿದಿಲ್ಲ, ಅದರಲ್ಲಿ ಜೀವವೆಲ್ಲಿ ಎಂಬುದು ಆ ವಾದ. ಹದಮಾಡಿದ ಚರ್ಮದಲ್ಲಿಯೂ ಜೀವವಿಲ್ಲ. ಆದರೂ ಚರ್ಮದ ಚೀಲ ಹಿಡಿದು ಬಸದಿಗೆ ಹೋಗಲು ಇವರೇ ಒಪ್ಪುವುದಿಲ್ಲ. ಶಾಸ್ತ್ರ ಕೇಳುವುದು ತಟ್ಟೆಯಲ್ಲಿ ಜೀವವಿದೆಯೇ ಎಂದಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ಕೊಳ್ಳುವವನು ಯಾವುದಕ್ಕೆ ಭಾಗಿ ಎಂದು. ತನ್ನಷ್ಟಕ್ಕೆ ಸತ್ತ ದನದ ಮೂಳೆಯಾಗಿರಬಾರದೇಕೆ ಎಂಬ ಮತ್ತೊಂದು ಮಾತೂ ಇದೆ. ಬೂದಿಯ ರಾಶಿಯಲ್ಲಿ ಯಾವ ಹಿಡಿ ಎಲ್ಲಿಯದೆಂದು ಯಾವ ವ್ಯಾಪಾರಿಯೂ ಬೇರ್ಪಡಿಸಿ ಇಡುವುದಿಲ್ಲ. ಕಸಾಯಿಖಾನೆಯ ಕಸಕ್ಕೆ ಬೆಲೆ ಕಟ್ಟುವವನು ಅಲ್ಲಿಯ ಲಾಭದ ಪುಟಕ್ಕೆ ಜಮೆ ಬರೆದವನೇ. ಮೂಳೆಯ ಬದಲು ರಾಸಾಯನಿಕವಾಗಿ ತಯಾರಿಸಿದ ಕ್ಯಾಲ್ಸಿಯಂ ಫಾಸ್ಫೇಟ್ ಬಳಸುವ ವಿಧಾನವೂ ಉಂಟು. ಹಾಗೆಂದು ತಯಾರಕನು ಲಿಖಿತವಾಗಿ ಕೊಟ್ಟರೆ ಮಾತು ಬೇರೆ. ಅಂಗಡಿಯವನ ಬಾಯಿಮಾತು ಸಾಲದು. ಸಾಮಾನ್ಯ ಪಿಂಗಾಣಿ, ಗಾಜು, ಸ್ಟೀಲುಗಳಲ್ಲಿ ಈ ದೋಷವೇ ಇಲ್ಲದಿರುವಾಗ ಇಷ್ಟು ವಿಚಾರಣೆಯ ಹೊರೆಯಾದರೂ ಏಕೆ?

ವಸ್ತುವಿನ ಮಾತು ಹಾಗಿರಲಿ, ಸಂಖ್ಯೆಯ ಮಾತೂ ಇದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಒಮ್ಮೆ ಅನುಭವಿಸಿ ಬಿಡುವುದನ್ನು ಭೋಗವೆಂದೂ ಮತ್ತೆ ಮತ್ತೆ ಬಳಸುವುದನ್ನು ಉಪಭೋಗವೆಂದೂ ವಿಂಗಡಿಸಿ, ಎರಡಕ್ಕೂ ಪರಿಮಾಣ ಹಾಕಿಕೊಳ್ಳುವುದನ್ನು ಗುಣವ್ರತಗಳಲ್ಲಿ ಎಣಿಸಿದೆ. ಅನ್ನ ಭೋಗ, ತಟ್ಟೆ ಉಪಭೋಗ. ಆರು ಜನರ ಊಟಕ್ಕೆ 30ಕ್ಕೂ ಮಿಕ್ಕಿದ ತುಂಡುಗಳ ಸೆಟ್ಟು ಕೊಂಡವನು ಈ ವ್ರತದ ಎದುರು ಯಾವ ಲೆಕ್ಕ ಒಪ್ಪಿಸುತ್ತಾನೆ?

ತುಂಡು ಹೆಚ್ಚಿದಷ್ಟೂ ತೊಳೆಯುವ ನೀರು ಹೆಚ್ಚು. ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರಕ್ಕೆ ಸಮುದ್ರವೆಂಬ ಹೆಸರಿದೆ. ಕೆರೆಯನ್ನು ಸಮುದ್ರವೆಂದು ಕರೆದು ಗೌರವಿಸುವುದು ಬಯಲುಸೀಮೆಯ ರೂಢಿ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆಯಿದು. ಬೆಂಗಳೂರಿನ ಚರಂಡಿಯ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಆರಂಭವಾದದ್ದೇ ಇಲ್ಲಿಯ ಬವಣೆಗೆ ಸಾಕ್ಷಿ. ಇಂಥ ಊರಿನಲ್ಲಿ ತಟ್ಟೆಯ ಕೆಳಗೊಂದು ತಟ್ಟೆ, ಬಟ್ಟಲಿನ ಕೆಳಗೊಂದು ತಟ್ಟೆ ಎಂಬ ಶೈಲಿ ಶೋಭೆಯಲ್ಲ, ಅನರ್ಥದಂಡ. ಉಂಡ ತಟ್ಟೆಯನ್ನು ತೊಳೆದು ಆ ನೀರನ್ನೇ ಕುಡಿಯುವ ಹಿರಿಯರು ಕೆಲವು ಮನೆಗಳಲ್ಲಿ ಇನ್ನೂ ಇದ್ದಾರೆ. ಎಂಜಲಿನಲ್ಲಿ ಅಂತರ್ಮುಹೂರ್ತದೊಳಗೆ, ಎಂದರೆ 48 ನಿಮಿಷಗಳೊಳಗೆ, ಸಮ್ಮೂರ್ಛನ ಜೀವಗಳು ಹುಟ್ಟುತ್ತವೆ ಎಂಬ ಅರಿವಿನಿಂದ ಬಂದ ಆಚಾರವದು. ಮೊಮ್ಮಕ್ಕಳು ಅದನ್ನು ಕಂಡು ನಗುತ್ತಾರೆ. ತಂದೆತಾಯಿಗಳು ಗದರಿಸುವುದೂ ಇಲ್ಲ.

ಹಾಗಾದರೆ ಎಲೆಯೇ ಶ್ರೇಷ್ಠವೇ? ಅದನ್ನೂ ವಿಚಾರಿಸಿಯೇ ಹೇಳಬೇಕು. ಅಷ್ಟಮಿ, ಚತುರ್ದಶಿಗಳಂದು ಹಸಿರು ಕಾಯಿಪಲ್ಯ ಬಿಡುವ ಮನೆ ಅಂದೇ ಬಾಳೆಯ ಹಸಿ ಎಲೆಗಳನ್ನು ಕೊಯ್ದು ಹಾಸಿದರೆ ನಿಯಮಕ್ಕೆ ಅರ್ಥವೇನು ಉಳಿಯಿತು? ಕಡ್ಡಿ ಚುಚ್ಚಿ ಹೊಲಿದು ಒಣಗಿಸಿದ ಮುತ್ತುಗದ ಇಸ್ತ್ರಿ ಎಲೆ ಅದಕ್ಕಿಂತ ಮೇಲು. ಮಡಿಕೆಗಳಲ್ಲಿ ಹುಳು ಅಡಗಿರಬಹುದಾದ್ದರಿಂದ ಹಾಸುವ ಮುನ್ನ ಬೆಳಕಿಗೆ ಹಿಡಿದು ನೋಡಿ ಮೃದುವಾಗಿ ಒರೆಸುವುದು ಅವಶ್ಯ. ನಿತ್ಯದ ಬಳಕೆಗೆ ಅಂಚಿರುವ ಒಂದು ಸ್ಟೀಲು ತಟ್ಟೆ, ಒಂದು ಲೋಟ ಸಾಕು. ನೆಲದ ಮೇಲೆ ಕೂರಬೇಕೋ ಮೇಜಿನ ಮುಂದೆಯೋ ಎಂಬುದು ದೊಡ್ಡ ಪ್ರಶ್ನೆಯಲ್ಲ. ಮಂಡಿನೋವಿನವರಿಗೆ ಮೇಜೇ ಇರಲಿ. ಬಡಿಸುವವರು ಕೇಳಿ ಕೇಳಿ ಬಡಿಸುವ ಪದ್ಧತಿಯನ್ನು ಮಾತ್ರ ಬಿಡಬಾರದು. ಪಾತ್ರೆಗಳನ್ನು ನಡುವೆ ಸಾಲಾಗಿಟ್ಟು ತಮತಮಗೆ ಬೇಕಾದುದನ್ನು ತುಂಬಿಕೊಳ್ಳುವಲ್ಲಿ ತಟ್ಟೆಯನ್ನು ತುಂಬಿಸುವುದು ಕಣ್ಣು, ಹಸಿವಲ್ಲ.

ಬಸದಿ ಮತ್ತು ಮಂದಿರಗಳ ಟ್ರಸ್ಟುಗಳಿಗೆ ಒಂದು ಮಾತು. ಪ್ಲಾಸ್ಟಿಕ್ ತಟ್ಟೆ, ಲೋಟಗಳ ಜೊತೆಗೆ ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನೂ ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಚಮಚಗಳನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿತು. ಉಂಡೆಸೆದ ಪ್ಲಾಸ್ಟಿಕ್ಕನ್ನು ಅನ್ನದ ವಾಸನೆಗೆ ದನಗಳು ತಿಂದು ಸಾಯುತ್ತವೆಂದು ಬಲ್ಲ ಸಮಾಜವು ಸರ್ಕಾರದ ಆಜ್ಞೆಗಾಗಿ ಕಾದದ್ದೇ ನಾಚಿಕೆಗೇಡು. ಪಾತ್ರೆಗಳನ್ನು ದಾನವಾಗಿ ಸ್ವೀಕರಿಸುವಾಗ ಬೋನ್ ಚೈನಾ ಸ್ವೀಕರಿಸಲಾಗುವುದಿಲ್ಲವೆಂದು ರಸೀದಿ ಪುಸ್ತಕದಲ್ಲಿಯೇ ಅಚ್ಚು ಹಾಕಿಸಲು ಯಾವ ಖರ್ಚೂ ಆಗದು.

ಈಗಾಗಲೇ ಮನೆಯಲ್ಲಿರುವ ಸೆಟ್ಟನ್ನು ಏನು ಮಾಡಬೇಕೆಂದು ಕೆಲವರು ಕೇಳಿಯೇ ಕೇಳುತ್ತಾರೆ. ಮಾರಿದರೆ ಮೂಳೆಯಿಂದ ಹಣ ಮಾಡಿದಂತೆ. ಮದುವೆಯ ಉಡುಗೊರೆಯಾಗಿ ದಾಟಿಸಿದರೆ ದೋಷವನ್ನು ಮತ್ತೊಂದು ಶ್ರಾವಕನ ಮನೆಗೆ ಕಳುಹಿಸಿದಂತೆ. ಅಡಿಗೆಮನೆಯಿಂದ ಹೊರಗಿಟ್ಟು, ಹಿತ್ತಲಿನಲ್ಲಿ ಹೂಕುಂಡದ ಅಡಿಗೆ ಇಡಲಿ. ಬೇಸಿಗೆಯಲ್ಲಿ ಹಕ್ಕಿಗಳಿಗೆ ನೀರಿಡುವುದಕ್ಕೂ ಆದೀತು.